ಏಳು ಗೆಲುವು, ಒಂದು ಸೋಲು



ಅಡಗೂಲಜ್ಜಿಯ ಕಥೆಗಳ ರಾಜ್ಯದಲ್ಲಿ ಅರಸನನ್ನು ಗುರುತಿಸುವುದು ಬಲು ಸುಲಭ. ಒಂದೋ ಆತ ಧರ್ಮಾತ್ಮ, ಇಲ್ಲವೇ ದುಷ್ಟ. ಪ್ರಜಾರಾಜ್ಯದ ನಾಯಕರನ್ನು ಅಳೆಯುವುದು ಅಷ್ಟು ಸುಲಭವಲ್ಲ. ಚಿಕ್ಕೋಡಿ ಲೋಕಸಭಾ ಕ್ಷೇತ್ರವನ್ನು ಪ್ರತಿನಿಧಿಸಿದ ಬಿ. ಶಂಕರಾನಂದರ ರಾಜಕೀಯ ಜೀವನವನ್ನೇ ನೋಡೋಣ.

ಚಿಕ್ಕೋಡಿ ಆಗ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ. 1967ರಿಂದ 1991ರವರೆಗಿನ ಏಳೂ ಲೋಕಸಭಾ ಚುನಾವಣೆಗಳಲ್ಲಿ ಇಲ್ಲಿಂದ ಗೆದ್ದವರು ಶಂಕರಾನಂದರು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗಲೂ ಅವರು ಗೆದ್ದರು. ನಿಪ್ಪಾಣಿಯಲ್ಲೋ ಅಥಣಿಯಲ್ಲೋ ನಿಮ್ಮ ಮುತ್ಯಾನನ್ನು ಕೇಳಿದರೆ ಆ ಕಾಲದ ನೆನಪು ಹೇಳಿಯಾರು.

ಕೇಂದ್ರದಲ್ಲಿ ಅವರು ಆರೋಗ್ಯ, ಜಲಸಂಪನ್ಮೂಲ, ಪೆಟ್ರೋಲಿಯಂ ಮುಂತಾದ ಖಾತೆಗಳನ್ನು ನಿರ್ವಹಿಸಿದರು. 1988ರ ಡಿಸೆಂಬರಿನಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದವರೂ ಅವರೇ. ಕಾಲೇಜಿನಲ್ಲಿರುವಾಗಲೇ ನಿಮಗೆ ಮತದಾನದ ಹಕ್ಕು ಬಂದದ್ದು ಆ ತಿದ್ದುಪಡಿಯಿಂದ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬೋಫೋರ್ಸ್ ಫಿರಂಗಿ ಖರೀದಿಯ ಬಗ್ಗೆ 1987ರಲ್ಲಿ ನೇಮಕವಾದ ಜಂಟಿ ಸಂಸದೀಯ ಸಮಿತಿಗೆ ಅವರು ಅಧ್ಯಕ್ಷರು. ಪ್ರಮುಖ ವಿರೋಧ ಪಕ್ಷಗಳು ಆ ಸಮಿತಿಯಲ್ಲಿ ಸೇರಲಿಲ್ಲ. ಮಧ್ಯವರ್ತಿಗಳಿದ್ದರೆನ್ನಲು ಸಾಕ್ಷ್ಯವಿಲ್ಲವೆಂದು 1988ರಲ್ಲಿ ಬಂದ ವರದಿಯನ್ನು ಆ ಪಕ್ಷಗಳು ಒಪ್ಪಲೂ ಇಲ್ಲ. ಮುಂದೆ 1992ರ ಷೇರು ಹಗರಣವನ್ನು ತನಿಖೆ ಮಾಡಿದ್ದು ಮತ್ತೊಂದು ಜಂಟಿ ಸಮಿತಿ. ಪೆಟ್ರೋಲಿಯಂ ಮಂತ್ರಿಯಾಗಿದ್ದಾಗಿನ ಶಂಕರಾನಂದರ ಹೊಣೆಯನ್ನು ಅದು ಪ್ರಶ್ನಿಸಿತು. ಒಮ್ಮೆ ವಿಚಾರಣೆಯ ಪೀಠದಲ್ಲಿ ಕುಳಿತವರು ಈಗ ಉತ್ತರ ಹೇಳಬೇಕಾಯಿತು.

ಆಗ ಅವರು ಮತ್ತೆ ಆರೋಗ್ಯ ಮಂತ್ರಿ. 1994ರಲ್ಲಿ ಅವರ ಖಾತೆಯಿಂದ ಎರಡು ಮಹತ್ವದ ಕಾಯಿದೆಗಳು ಬಂದವು. ಒಂದು ಮಾನವ ಅಂಗಾಂಗಗಳ ಮಾರಾಟವನ್ನು ನಿಷೇಧಿಸಿತು. ಇನ್ನೊಂದು ಗರ್ಭದಲ್ಲಿನ ಶಿಶು ಗಂಡೋ ಹೆಣ್ಣೋ ಎಂದು ತಿಳಿಸುವುದನ್ನು ತಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಷೇರು ಹಗರಣದ ಒತ್ತಡಕ್ಕೆ ಸಿಲುಕಿ ಅವರು ಮಂತ್ರಿಮಂಡಲ ಬಿಡಬೇಕಾಯಿತು. 1996ರಲ್ಲಿ ಚಿಕ್ಕೋಡಿಯ ಮತದಾರರು ಜನತಾದಳದ ರತ್ನಮಾಲಾ ಸವಣೂರರನ್ನು ಆರಿಸಿದರು. ಇಪ್ಪತ್ತೊಂಬತ್ತು ವರ್ಷಗಳ ಪ್ರಾತಿನಿಧ್ಯ ಮುಗಿಯಿತು. ಶಂಕರಾನಂದರು 2009ರಲ್ಲಿ ತೀರಿಕೊಂಡರು.

ಹಾಗಾದರೆ ಅವರನ್ನು ಹೇಗೆ ಅಳೆಯುವುದು? ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ಪ್ರಯೋಗಶಾಲೆಯಲ್ಲಿ ಒಂದು ನಿಯಮವಿತ್ತು. ನಿರೀಕ್ಷೆಗೆ ಹೊಂದದ ಅಂಕಿ ಬಂದರೆ ಅದನ್ನು ರಬ್ಬರಿನಿಂದ ಅಳಿಸಕೂಡದು. ಉಳಿದ ಅಂಕಿಗಳ ಪಕ್ಕದಲ್ಲೇ ಬರೆದಿಡಬೇಕು. ಸಾರ್ವಜನಿಕ ಜೀವನಕ್ಕೂ ಅದೇ ನಿಯಮ ಒಪ್ಪುತ್ತದೆ. ಕಾಯಿದೆಗಳನ್ನು ಮೆಚ್ಚುವವರು ಹಗರಣದ ಪುಟವನ್ನು ಹರಿಯಬಾರದು. ಹಗರಣವನ್ನು ನೆನೆಯುವವರು ಕಾಯಿದೆಗಳ ಪುಟವನ್ನು ಹರಿಯಬಾರದು. ಸಮಿತಿಯ ಟೀಕೆ ನ್ಯಾಯಾಲಯದ ತೀರ್ಪಲ್ಲ, ಚುನಾವಣೆಯ ಗೆಲುವು ನಿರ್ದೋಷಿಯೆಂಬ ಪ್ರಮಾಣಪತ್ರವೂ ಅಲ್ಲ.

ಹದಿನೆಂಟರ ಹರೆಯದವರಿಗೆ ಮತದಾನದ ಹಕ್ಕು ಕೊಡುವ ಮಸೂದೆ ಮಂಡಿಸಿದ ನಾಯಕರು ಕೊನೆಗೆ ಸೋತ ಚುನಾವಣೆಯಲ್ಲಿ ಆ ಹರೆಯದವರೂ ಮತ ಹಾಕಿದ್ದರು. ಪ್ರಜಾಪ್ರಭುತ್ವದ ಚೆಲುವು ಅಲ್ಲೇ ಇದೆ. ನಾಳೆ ಆ ಸರದಿ ನಿಮ್ಮದು. ಮತಗಟ್ಟೆಗೆ ಹೋಗುವ ಮುನ್ನ ಎಲ್ಲ ಅಂಕಿಗಳನ್ನೂ ಓದಿಕೊಂಡು ಹೋಗಿ.