ಮೊದಲು ಕುದುರೆಗೆ ನೀರು



ಅಮೆರಿಕದ ಪೂರ್ವಭಾಗದಲ್ಲಿ ಅಪಲೇಚಿಯನ್ ಎಂಬ ಬೆಟ್ಟಸಾಲು ಇದೆ. ಅಲ್ಲಿನ ಕಾಡಂಚಿನಲ್ಲಿ ಗಂಡ, ಹೆಂಡತಿ, ಮಕ್ಕಳು ಸೇರಿ ನಡೆಸುವ ಒಂದು ಬಗೆಯ ತಂಗುದಾಣಗಳಿವೆ. ಅಲ್ಲಿಗೆ ಬರುವವರು ಕುದುರೆ ಸವಾರರು. ಕುದುರೆಯನ್ನು ವಾಹನದ ಹಿಂದಿನ ಟ್ರೇಲರಿನಲ್ಲಿ ಹತ್ತಿಸಿಕೊಂಡು ಬಂದು, ಹಗಲೆಲ್ಲ ಬೆಟ್ಟದ ಕಾಲುದಾರಿಗಳಲ್ಲಿ ಸವಾರಿ ಮಾಡಿ, ರಾತ್ರಿ ಡೇರೆ ಹಾಕಿಕೊಂಡು ಮಲಗುತ್ತಾರೆ. ಡೇರೆಯ ಹತ್ತಿರದಲ್ಲೇ ಕುದುರೆ ಕಟ್ಟುವ ಕೊಟ್ಟಿಗೆ. ಅದಕ್ಕೆ ಒಣಹುಲ್ಲು, ನೀರು, ಮೈತೊಳೆಯುವ ಜಾಗ. ಲದ್ದಿ ಎತ್ತಿ ಕೊಟ್ಟಿಗೆ ಚೊಕ್ಕಟ ಮಾಡದೆ ಹೊರಡುವಂತಿಲ್ಲ. ಬಹಳ ಕಡೆ ಕುದುರೆಗೆ ಅಂಟುರೋಗ ಇಲ್ಲವೆಂದು ರಕ್ತಪರೀಕ್ಷೆಯ ಕಾಗದ ತೋರಿಸಬೇಕು. ಸವಾರನ ಗುರುತಿನ ಚೀಟಿಗಿಂತ ಕುದುರೆಯ ಕಾಗದಕ್ಕೆ ಹೆಚ್ಚು ಬೆಲೆ.

ಇಂಥ ಜಾಗಗಳಲ್ಲಿ ನನಗೆ ತುಂಬ ಹಿಡಿಸಿದ್ದು ಅಲ್ಲಿನ ಸರದಿ. ಇಳಿಸಂಜೆ ಬೆಟ್ಟದಿಂದ ಬಂದವನಿಗೆ ಹಸಿವಾಗಿರುತ್ತದೆ, ಸೊಂಟ ಹಿಡಿದಿರುತ್ತದೆ. ಆದರೂ ಅವನು ಕೂರುವುದಿಲ್ಲ. ಮೊದಲು ಜೀನು ಇಳಿಸಬೇಕು. ಬೆವೆತ ಬೆನ್ನನ್ನು ಉಜ್ಜಿ ಒರೆಸಬೇಕು. ನಾಲ್ಕೂ ಕಾಲನ್ನು ಒಂದೊಂದಾಗಿ ಎತ್ತಿ, ಲಾಳದ ಒಳಗೆ ಸಿಕ್ಕಿಕೊಂಡ ಕಲ್ಲು ತೆಗೆಯಬೇಕು. ಉಸಿರು ಹದಕ್ಕೆ ಬರುವವರೆಗೆ ನಿಧಾನವಾಗಿ ಅಡ್ಡಾಡಿಸಬೇಕು. ನೀರು, ಹುಲ್ಲು ಕೊಟ್ಟ ಮೇಲೆ ಅವನ ಊಟ. ಇದು ಬರೀ ಮುದ್ದಿನ ಮಾತಲ್ಲ, ಕುದುರೆಯ ದೇಹವೇ ಹಾಗಿದೆ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುತ್ತಿರಬೇಕು. ತಿಂದದ್ದು ಕೆಟ್ಟರೆ ವಾಂತಿ ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಹೊಟ್ಟೆನೋವು ಬಂದರೆ ಜೀವಕ್ಕೇ ಕುತ್ತಾಗಬಹುದು. ಮಾಮೂಲು ದಿನದಲ್ಲೇ ಇಪ್ಪತ್ತೈದು ಮೂವತ್ತು ಲೀಟರ್ ನೀರು ಬೇಕು, ಬಿಸಿಲಲ್ಲಿ ದುಡಿದರೆ ಇನ್ನೂ ಹೆಚ್ಚು. ಬಾಯಿಬಿಟ್ಟು ಕೇಳಲಾರದ ಅತಿಥಿ ಅದು. ಮನೆಯವರಿಗೆ ತಾವಾಗಿಯೇ ತಿಳಿಯಬೇಕು.

ನಮ್ಮ ತುಮಕೂರು ಸೀಮೆಯಲ್ಲಿ ಇಂಥದ್ದು ಇದೆಯೇ? ಕುದುರೆ ಸವಾರರ ಶಿಬಿರ ಎಂಬ ಫಲಕ ಹಾಕಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಆ ಸರದಿ, ಪ್ರಾಣಿಗೆ ಮೊದಲು ಆಮೇಲೆ ಮನುಷ್ಯನಿಗೆ ಎಂಬುದು, ಈ ನೆಲಕ್ಕೆ ಹೊಸದಲ್ಲ.

ಕುಣಿಗಲ್ಲಿನಿಂದಲೇ ಶುರುಮಾಡೋಣ. ಬೆಂಗಳೂರು–ಮಂಗಳೂರು ರಸ್ತೆಯಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಊರು. ಜನಪದರು ಹಾಡಿ ಹೊಗಳಿದ ದೊಡ್ಡ ಕೆರೆ ಒಂದು, ಕುದುರೆ ಫಾರಂ ಇನ್ನೊಂದು, ಊರಿಗೆ ಎರಡೂ ಹೆಸರು ತಂದವು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ತನ್ನ ಅಶ್ವದಳಕ್ಕೆಂದು ಇಲ್ಲಿ ಕುದುರೆ ಸಾಕಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಇಂಗ್ಲಿಷರ ಕೈಗೆ ಹೋಯಿತು, ಮುಂದೆ ಮೈಸೂರು ಸರ್ಕಾರಕ್ಕೆ ಬಂತು. ಕಾಳಗದ ಕುದುರೆಯ ಕಾಲ ಮುಗಿದು ಪಂದ್ಯದ ಕುದುರೆಯ ಕಾಲ ಬಂತು. 1992ರಲ್ಲಿ ಮೂವತ್ತು ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ರಾಜರು ಬದಲಾದರು, ಧ್ವಜ ಬದಲಾಯಿತು, ಒಡೆಯರು ಬದಲಾದರು. ಅದೇ ನಾನೂರು ಎಕರೆ ಚಿಲ್ಲರೆ ನೆಲದಲ್ಲಿ ಮಾತ್ರ ಇನ್ನೂರು ವರ್ಷ ಮೀರಿ ಕುದುರೆಮರಿ ಹುಟ್ಟುತ್ತಲೇ ಬಂದಿದೆ. ಇಷ್ಟು ದೀರ್ಘ ಕಾಲ ಒಂದೇ ಕಸುಬಿಗೆ ಮೀಸಲಾದ ನೆಲ ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟೂ ಇರಲಾರದು.

ಆ ಕಸುಬಿನ ಒಂದು ರಾತ್ರಿಯನ್ನು ನೆನೆಯಿರಿ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಗಬ್ಬ ಹೊರುತ್ತದೆ. ಈಯುವುದು ಹೆಚ್ಚಾಗಿ ಸರಿರಾತ್ರಿಯಲ್ಲಿ, ಸುತ್ತಮುತ್ತ ಗದ್ದಲ ಅಡಗಿದ ಮೇಲೆ. ಹಾಗಾಗಿ ದಿನ ತುಂಬಿದ ಕುದುರೆಯ ಲಾಯದ ಹೊರಗೆ ಒಬ್ಬರು ಎಚ್ಚರವಾಗಿರಲೇಬೇಕು. ಕೆಚ್ಚಲಿನ ತುದಿಯಲ್ಲಿ ಮೇಣದಂಥ ಹನಿ ಕಾಣಿಸಿಕೊಂಡಿತೆ, ಇನ್ನೇನು ಹೊತ್ತಾಯಿತು ಎಂದರ್ಥ. ನೀರಿನ ಚೀಲ ಒಡೆದ ಮೇಲೆ ಮರಿ ಬೀಳುವುದು ಅರ್ಧ ಗಂಟೆಯೊಳಗೆ. ಆಮೇಲಿನ ಎರಡು ಗಂಟೆ ಬಲು ನಾಜೂಕು. ಮರಿ ಮುಂಗಾಲು ಚಾಚುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಎತ್ತಿ ನಿಲ್ಲಿಸಲು ಕೈ ತುರಿಸಿದರೂ ಸುಮ್ಮನಿರಬೇಕು, ಅದಾಗಿ ನಿಂತರೇ ಕಾಲಿಗೆ ಬಲ. ನಿಂತ ಮೇಲೆ ಗಿಣ್ಣುಹಾಲು ಕುಡಿಯಲೇಬೇಕು. ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಮರಿಗೆ ಇಳಿಯುವುದಿಲ್ಲ, ಗಿಣ್ಣಿನಲ್ಲೇ ಬರಬೇಕು, ಅದೂ ಮೊದಲ ಕೆಲವೇ ಗಂಟೆಗಳಲ್ಲಿ. ಆ ಹೊತ್ತು ತಪ್ಪಿದರೆ ಗೆಲ್ಲಬೇಕಾದ ಕುದುರೆ ಬದುಕುವುದೇ ಕಷ್ಟ. ಪಂದ್ಯ ಗೆದ್ದಾಗ ಪತ್ರಿಕೆಯಲ್ಲಿ ಕುದುರೆಯ ಹೆಸರು ಬರುತ್ತದೆ, ಜಾಕಿಯ ಹೆಸರು ಬರುತ್ತದೆ, ಮಾಲೀಕನ ಪಟ ಬರುತ್ತದೆ. ನಿದ್ದೆಗೆಟ್ಟು ಕಾದವನ ಹೆಸರು ಎಲ್ಲಿಯೂ ಬರುವುದಿಲ್ಲ.

ಈ ತಿಳಿವಳಿಕೆ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿ ಇದೆ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ನಾಡಿನ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿನ ಅರಸರು ಕಡಲಾಚೆಯಿಂದ ಸಾವಿರಾರು ಕುದುರೆ ಕೊಳ್ಳುತ್ತಿದ್ದುದನ್ನೂ, ಅವುಗಳಲ್ಲಿ ಬಹುಪಾಲು ಬೇಗ ಸತ್ತುಹೋಗುತ್ತಿದ್ದುದನ್ನೂ ಬರೆದಿದ್ದಾನೆ. ಲಾಳ ಕಟ್ಟುವವರಿಲ್ಲ, ಮೇವಿನ ಹದ ಗೊತ್ತಿಲ್ಲ ಎಂಬುದು ಅವನು ಕೊಡುವ ಕಾರಣ. ನಮ್ಮ ವಿಜಯನಗರದ ದೊರೆಗಳೂ ಭಟ್ಕಳ, ಹೊನ್ನಾವರದ ಬಂದರುಗಳಿಂದ ಅರಬ್ಬೀ ಕುದುರೆ ತರಿಸಲು ಹೊನ್ನು ಸುರಿದವರೇ. ಹೊನ್ನಿಗೆ ಕುದುರೆ ಸಿಗುತ್ತದೆ, ಕುದುರೆ ಬಲ್ಲವರು ಸಿಗುವುದಿಲ್ಲ. ಅವರು ತಲೆಮಾರುಗಳ ಮೇಲೆ ಒಂದು ಊರಿನಲ್ಲಿ ತಯಾರಾಗಬೇಕು. ಕುಣಿಗಲ್ಲಿನಲ್ಲಿ ಹಾಗೆ ತಯಾರಾದರು.

ಗುಬ್ಬಿಯ ಕಡೆ ಹೊರಳಿದರೆ ಕುದುರೆಗಿಂತ ಹೇರೆತ್ತಿನ ಕಾಲ ಕಣ್ಣೆದುರು ಬರುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯನ್ನು ವ್ಯಾಪಾರದ ಪೇಟೆ ಎಂದೇ ಗುರುತಿಸಿದ. ಅಡಿಕೆ, ಕೊಬ್ಬರಿ, ಬಟ್ಟೆ ಎಲ್ಲವೂ ಎತ್ತಿನ ಬೆನ್ನ ಮೇಲೆ ಬರುತ್ತಿದ್ದ ದಿನಗಳವು. ವ್ಯಾಪಾರಿ ಪೇಟೆಗೆ ಬಂದನೆಂದರೆ ಅವನ ಜೊತೆ ಒಂದು ಮಂದೆಯೇ ಬಂತೆಂದು ಲೆಕ್ಕ. ಹಳೆಯ ದಾರಿಗಳ ಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಹೊರೆಗಲ್ಲು ನಿಂತಿದೆ, ತಲೆಹೊರೆಯನ್ನು ಯಾರ ಸಹಾಯವಿಲ್ಲದೆ ಇಳಿಸಿ ಮತ್ತೆ ಏರಿಸಿಕೊಳ್ಳಲು ಎದೆಯೆತ್ತರಕ್ಕೆ ನಿಲ್ಲಿಸಿದ ಕಲ್ಲು. ಬಾವಿ, ಛತ್ರಗಳ ಪಕ್ಕದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನೀರಿನ ತೊಟ್ಟಿ ಸಿಗುತ್ತದೆ. ಅರವಟ್ಟಿಗೆಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಎಷ್ಟೋ ಇವೆ. ದಾರಿಹೋಕನ ಬಾಯಾರಿಕೆಯ ಜೊತೆಗೆ ಅವನ ಎತ್ತಿನ ಬಾಯಾರಿಕೆಯನ್ನೂ ಎಣಿಸಿ ಕಲ್ಲು ಕಡೆಸಿದ ಜನ ನಮ್ಮ ಹಿರಿಯರು.

ಬೆಟ್ಟದ ಮಾತು ಬಂದರೆ ದೇವರಾಯನದುರ್ಗ. ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು, ಸುತ್ತ ಕಾಡು, ಕೆಳಗೆ ಭೋಗನರಸಿಂಹ, ತುದಿಯಲ್ಲಿ ಯೋಗನರಸಿಂಹ. ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಈ ಹೆಸರು ನಿಂತಿತು. ಜಯಮಂಗಲಿ ನದಿ ಹುಟ್ಟುವುದು ಈ ಬೆಟ್ಟದಲ್ಲಿ. ದಾರಿಯಲ್ಲಿ ನಾಮದ ಚಿಲುಮೆ. ಅಲ್ಲಿ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಕಾರಿಲ್ಲದ ಕಾಲದಲ್ಲಿ ಈ ಬೆಟ್ಟ ಹತ್ತಿದವರಿಗೆ, ಅವರ ಎತ್ತು ಕುದುರೆಗಳಿಗೆ, ಇಂಥ ನೀರಿನ ತಾವುಗಳೇ ಆಸರೆ. ಈಗ ವಾರದ ಕೊನೆಯಲ್ಲಿ ಅಲ್ಲಿ ಸಾಲುಸಾಲು ಕಾರು.

ಇದೆಲ್ಲ ಕಳೆದುಹೋದ ಕಾಲದ ಮಾತು ಎಂದುಕೊಳ್ಳಬೇಡಿ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಮಠಕ್ಕೆ ಬನ್ನಿ. ದನಗಳ ಜಾತ್ರೆ ಕಟ್ಟುತ್ತದೆ. ಹಳ್ಳಿಕಾರ್ ಜೋಡಿಗಳನ್ನು ಹೊಡೆದುಕೊಂಡು ರೈತರು ಬರುತ್ತಾರೆ. ಬಂದವರೇ ಮೊದಲು ಗೂಟ ಹೊಡೆಯುತ್ತಾರೆ, ಎತ್ತಿಗೆ ನೆರಳಾಗುವಂತೆ ಚಪ್ಪರ ಹಾಕುತ್ತಾರೆ. ಎತ್ತಿನ ಕಾಲ ಕೆಳಗೆ ಹುಲ್ಲು ಹಾಸಿದ ಮೇಲೆ ಉಳಿದ ಹುಲ್ಲಿನ ಮೇಲೆ ತಾವು ಕಂಬಳಿ ಹಾಸುತ್ತಾರೆ. ಮೂರು ಕಲ್ಲಿನ ಒಲೆ ಹೂಡಿ ಮುದ್ದೆ ಕಟ್ಟುತ್ತಾರೆ. ಊಟಕ್ಕೆ ಮಠದ ದಾಸೋಹವಂತೂ ಇದ್ದೇ ಇದೆ. ರಾತ್ರಿ ಎತ್ತು ಕಾಲು ಬದಲಿಸಿದರೂ ಯಜಮಾನನಿಗೆ ಎಚ್ಚರವಾಗುತ್ತದೆ. ಡೇರೆಯ ಪಕ್ಕ ಕೊಟ್ಟಿಗೆ ಇರುವ ಆ ದೂರದ ಬೆಟ್ಟದ ಶಿಬಿರಕ್ಕೂ ಇದಕ್ಕೂ ನನಗೆ ಏನೇನೂ ಅಂತರ ಕಾಣುವುದಿಲ್ಲ.

ಇನ್ನೊಂದು ನೆಂಟಸ್ತಿಕೆ ಇದೆ, ಅದು ನನ್ನ ಮನಸ್ಸಿಗೆ ಇನ್ನೂ ಹತ್ತಿರ. ಕೊಯ್ಲು ಮುಗಿದ ಹೊಲಗಳಿಗೆ ಬಯಲುಸೀಮೆಯ ಕುರಿಗಾಹಿಗಳು ಇಳಿಯುತ್ತಾರೆ. ಹಿಂದೆ ಕುರಿ, ಮುಂದೆ ಕತ್ತೆ, ಕೆಲವರ ಬಳಿ ತಟ್ಟು ಕುದುರೆ. ಅದರ ಬೆನ್ನ ಮೇಲೆ ಇಡೀ ಸಂಸಾರ: ಪಾತ್ರೆ, ಕಂಬಳಿ, ಬಲೆ, ದಾರಿಯಲ್ಲಿ ಹುಟ್ಟಿದ ಕುರಿಮರಿ, ಒಮ್ಮೊಮ್ಮೆ ಅವರ ಕೂಸು. ಹೊಲದವನು ಕರೆದು ಮಂದೆ ಹಾಕಿಸಿಕೊಳ್ಳುತ್ತಾನೆ. ರಾತ್ರಿಯೆಲ್ಲ ಕುರಿ ಮಲಗಿದ ನೆಲಕ್ಕೆ ಗೊಬ್ಬರ ದಕ್ಕುತ್ತದೆ, ಕುರಿಯವರಿಗೆ ರಾಗಿಯೋ ಹಣವೋ ಸಲ್ಲುತ್ತದೆ. ಒಪ್ಪಂದ ಅಷ್ಟೇ. ಆದರೆ ಹೊಲದ ಮನೆಯ ಹೆಂಗಸು ಒಂದು ಚೊಂಬು ಮಜ್ಜಿಗೆ ಕಳಿಸುತ್ತಾಳೆ, ಅದು ಒಪ್ಪಂದದಲ್ಲಿ ಇಲ್ಲ. ಪಂಪ್‌ಸೆಟ್ಟಿನ ತೊಟ್ಟಿ ಬಿಟ್ಟುಕೊಡುತ್ತಾರೆ, ಅದೂ ಒಪ್ಪಂದದಲ್ಲಿ ಇಲ್ಲ. ಈಗ ಆ ತೊಟ್ಟಿಗಳು ಕಮ್ಮಿಯಾಗುತ್ತಿವೆ. ಹೊಲಕ್ಕೆ ತಂತಿ ಬೇಲಿ, ಹನಿ ನೀರಾವರಿಯ ಪೈಪು, ಲೇಔಟಿನ ಕಲ್ಲು. ಹೆದ್ದಾರಿಯ ಬದಿಯಲ್ಲಿ ಮಂದೆ ನಿಂತಾಗ ಕತ್ತೆಗೆ ಒಂದು ಬಿಂದಿಗೆ ನೀರು ಕೇಳಲು ಕುರಿಗಾಹಿ ಹೆಂಗಸರು ಎಷ್ಟು ಮನೆ ಬಾಗಿಲು ತಟ್ಟಬೇಕೋ!

ಕುಣಿಗಲ್ಲಿನ ಫಾರಂ ನೆಲದಲ್ಲಿ ಟೌನ್‌ಶಿಪ್ ಕಟ್ಟುವ ಮಾತು ಈಚಿನ ವರ್ಷಗಳಲ್ಲಿ ಎದ್ದಿತು, ಊರಿನ ಜನ ಬೇಡವೆಂದರು. ಅವರ ಮಾತು ನನಗೆ ಸರಿಕಾಣುತ್ತದೆ. ಮನೆ ಕಟ್ಟಲು ಬೇರೆ ನೆಲ ಸಿಗುತ್ತದೆ. ಇನ್ನೂರು ವರ್ಷ ಪ್ರಾಣಿಯ ಕಾಲ್ತುಳಿತ ಕಂಡ ಮೇವಿನ ನೆಲವನ್ನೂ, ಹಳೆಯ ಮರಗಳನ್ನೂ, ಆ ಲಾಯಗಳ ವಿದ್ಯೆಯನ್ನೂ ಒಮ್ಮೆ ಬಿಟ್ಟರೆ ಮತ್ತೆ ಯಾವ ಸರ್ಕಾರವೂ ತಂದುಕೊಡಲಾರದು. ಅಲ್ಲಿಗೆ ಮಕ್ಕಳು ಹೋಗಿ ಕುದುರೆಯ ಮೈ ಮುಟ್ಟುವಂತಾಗಲಿ, ಲಾಳ ಕಟ್ಟುವುದನ್ನು, ಜೀನು ಬಿಗಿಯುವುದನ್ನು ಕಲಿಯುವಂತಾಗಲಿ. ದೇವರಾಯನದುರ್ಗದ ಸುತ್ತ ಹೋಮ್‌ಸ್ಟೇ ನಡೆಸುವ ಕುಟುಂಬಗಳಿಗೂ ಒಂದು ಮಾತು: ಕಾರು ನಿಲ್ಲಿಸಲು ಜಾಗ ಮಾಡಿದ ಹಾಗೆ, ಹಾದುಹೋಗುವ ದನಕರುವಿಗೆ ಗೇಟಿನ ಹೊರಗೆ ಒಂದು ತೊಟ್ಟಿ ಕಟ್ಟಿಸಿ.

ಉಳಿದ ನಾವು ಮಾಡಬಹುದಾದದ್ದು ಇವತ್ತೇ ಮಾಡುವಂಥದ್ದು. ನಮ್ಮ ಬಹಳಷ್ಟು ಹಳ್ಳಿಗಳಲ್ಲಿ ಪಂಚಾಯಿತಿ ಕಟ್ಟಿಸಿದ ದನದ ನೀರಿನ ತೊಟ್ಟಿ ಇದೆ. ಕೆಲವು ಒಣಗಿವೆ, ಕೆಲವದರಲ್ಲಿ ಕಸ ತುಂಬಿದೆ. ಬೇಸಿಗೆ ಬಲಿಯುವ ಮುಂಚೆ ನಿಮ್ಮ ಊರಿನ ತೊಟ್ಟಿಯನ್ನು ಹೋಗಿ ನೋಡಿ. ನಾಲ್ಕು ಜನ ಸೇರಿ ಕಸ ತೆಗೆದು ತೊಳೆಯಿರಿ. ದಿನಾ ಒಂದು ಹೊತ್ತು ಅದಕ್ಕೆ ನೀರು ಬಿಡುವಂತೆ ನೀರುಗಂಟಿಗೆ ಹೇಳಿ. ಅವರು ಮರೆತರೆ ಮತ್ತೊಮ್ಮೆ ಹೇಳಿ.