ಕ್ಷಯರೋಗಿಗೆ ಮನೆಯೇ ಆಸ್ಪತ್ರೆ



ಕ್ಷಯರೋಗವೆಂದು ತಿಳಿದೊಡನೆಯೇ ಸೊಸೆಯನ್ನು ತವರಿಗೆ ಕಳುಹಿಸುವ ಪದ್ಧತಿ ನಮ್ಮ ಹಳ್ಳಿಗಳಿಂದ ಇನ್ನೂ ಪೂರ್ತಿಯಾಗಿ ಮರೆಯಾಗಿಲ್ಲ. ಗಂಡನಿಗೆ ರೋಗ ಬಂದರೆ ಹೆಂಡತಿ ಉಪಚರಿಸುತ್ತಾಳೆ. ಹೆಂಡತಿಗೆ ಬಂದರೆ ಅವಳ ಪೆಟ್ಟಿಗೆ ಬಸ್ಸನ್ನೇರುತ್ತದೆ. ಇದು ಅನ್ಯಾಯವೆಂಬುದನ್ನು ನೀವೂ ಬಲ್ಲಿರಿ. ಇದು ಅನವಶ್ಯಕವೂ ಹೌದೆಂಬುದನ್ನು ವೈದ್ಯಶಾಸ್ತ್ರವು ಹೇಗೆ ಕಂಡುಕೊಂಡಿತೆಂದು ಇಂದು ತಿಳಿಸಬಯಸುತ್ತೇನೆ.

ಹಿಂದೆ ವೈದ್ಯರೂ ಸಹ ರೋಗಿಯನ್ನು ಮನೆಯಿಂದ ದೂರವಿಡಬೇಕೆಂದೇ ನಂಬಿದ್ದರು. ಶುದ್ಧವಾದ ಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರ ದೊರೆಯುವ ಕ್ಷಯರೋಗಧಾಮಗಳಲ್ಲಿ ತಿಂಗಳುಗಟ್ಟಲೆ ಇರಿಸುತ್ತಿದ್ದರು. ಆದರೆ ನಮ್ಮ ದೇಶದ ರೋಗಿಗಳಿಗೆಲ್ಲ ಸಾಲುವಷ್ಟು ಹಾಸಿಗೆಗಳು ಎಲ್ಲಿಯೂ ಇರಲಿಲ್ಲ. ಔಷಧಗಳೇನೋ ಬಂದಿದ್ದವು. ಅವನ್ನು ಮನೆಯಲ್ಲಿಯೇ ಸೇವಿಸಿದರೆ ಸಾಲದೆ? 1956ರಲ್ಲಿ ಮದರಾಸಿನಲ್ಲಿ ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದರು. ಕಫದಲ್ಲಿ ರೋಗಾಣುಗಳಿದ್ದ 193 ಬಡ ರೋಗಿಗಳಿಗೆ ಒಂದು ವರ್ಷ ಕಾಲ ಒಂದೇ ಬಗೆಯ ಔಷಧಗಳನ್ನು ಕೊಟ್ಟರು. ಕೆಲವರು ಧಾಮದಲ್ಲಿ, ಉಳಿದವರು ತಮ್ಮ ಇಕ್ಕಟ್ಟಾದ ಮನೆಗಳಲ್ಲಿ. ಯಾರು ಎಲ್ಲಿರಬೇಕೆಂಬುದನ್ನು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟರು.

ಹೀಗೇಕೆ? ಹೊಸ ರಾಗಿಯ ಬೀಜವನ್ನು ಕೆರೆಯ ಕೆಳಗಿನ ಹೊಲದಲ್ಲಿಯೂ ಹಳೆಯದನ್ನು ಕಲ್ಲುಭೂಮಿಯಲ್ಲಿಯೂ ಬಿತ್ತಿದರೆ ಬೀಜದ ಗುಣ ತಿಳಿಯುವುದೆ? ಗಟ್ಟಿಮುಟ್ಟಾದವರನ್ನೇ ಒಂದು ಕಡೆಗೆ ಸೇರಿಸಿದರೆ ಚಿಕಿತ್ಸೆಯ ಗುಣವೂ ಹಾಗೆಯೇ ತಿಳಿಯದು.

ಧಾಮದಲ್ಲಿದ್ದವರಿಗೆ ಉತ್ತಮ ಆಹಾರ ಮತ್ತು ಶುಶ್ರೂಷೆ ದೊರೆತವು. ಮನೆಯಲ್ಲಿದ್ದವರು ಅರೆಹೊಟ್ಟೆಯಲ್ಲಿ ದುಡಿದವರೂ ಉಂಟು. ಆದರೂ ವರ್ಷದ ಕೊನೆಗೆ ಧಾಮದಲ್ಲಿದ್ದವರ ಪೈಕಿ ಶೇಕಡಾ 92 ಮಂದಿಯಲ್ಲಿಯೂ, ಮನೆಯಲ್ಲಿದ್ದವರ ಪೈಕಿ ಶೇಕಡಾ 86 ಮಂದಿಯಲ್ಲಿಯೂ ರೋಗ ಅಡಗಿತ್ತು. ನಮಗೆ ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಮನೆಯಲ್ಲಿದ್ದ ರೋಗಿಗಳ ಹೆಂಡಿರು ಮಕ್ಕಳಿಗೆ, ಧಾಮಕ್ಕೆ ಹೋದವರ ಮನೆಯವರಿಗಿಂತ ಹೆಚ್ಚಾಗಿ ರೋಗ ತಗುಲಲಿಲ್ಲ. ಅಪಾಯವಿದ್ದುದು ರೋಗ ಪತ್ತೆಯಾಗುವ ಮುಂಚಿನ ದಿನಗಳಲ್ಲಿ. ಆದುದರಿಂದ ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಡುವುದೇ ಮನೆಗೆ ಮಾರಕ. ಗುಳಿಗೆ ನುಂಗುತ್ತಿರುವ ಸೊಸೆಯಲ್ಲ.

ಹಾಗಾದರೆ ಆಹಾರಕ್ಕೆ ಬೆಲೆಯಿಲ್ಲವೆ? ಇದಕ್ಕೂ ಪ್ರಯೋಗವೇ ಉತ್ತರ ಕೊಟ್ಟಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಹಾಗೂ ಸಂಗಡಿಗರು 2019ರಲ್ಲಿ ಜಾರ್ಖಂಡದ 4 ಜಿಲ್ಲೆಗಳಲ್ಲಿ ಅದನ್ನು ಆರಂಭಿಸಿದರು. ರೋಗಿಗಳಿಗೆಲ್ಲ ಆಹಾರಧಾನ್ಯ ಕೊಟ್ಟರು. ಚೀಟಿಯಲ್ಲಿ ಆಯ್ಕೆಯಾದ ಪ್ರದೇಶಗಳಲ್ಲಿ ಮನೆಮಂದಿಗೂ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರು ಶೇಕಡಾ 39ರಷ್ಟು ಕಡಿಮೆಯೆಂದು 2023ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಎಲ್ಲರೂ ಉಂಡಮೇಲೆ ಉಳಿದುದನ್ನು ಉಣ್ಣುವ ತಾಯಂದಿರ ತಟ್ಟೆಯನ್ನು ಇನ್ನಾದರೂ ಗಮನಿಸಿರಿ.

ದಂಪತಿಗಳಿಗೆ ಇನ್ನೊಂದು ವಿಷಯ. ಕ್ಷಯದ ಔಷಧಗಳಲ್ಲಿ ಒಂದಾದ ರಿಫಾಂಪಿಸಿನ್, ಮಾಲಾ-ಎನ್‌ನಂತಹ ಗರ್ಭನಿರೋಧಕ ಗುಳಿಗೆಗಳ ಶಕ್ತಿಯನ್ನು ಕುಂದಿಸುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ನಿರೋಧ್ ಅಥವಾ ಕಾಪರ್-ಟಿ ಸೂಕ್ತ. ಗುಳಿಗೆ ನುಂಗುತ್ತಿರುವುದನ್ನು ವೈದ್ಯರಿಗೆ ಹೇಳಲು ಸಂಕೋಚ ಬೇಡ.

ಇಂತಹ ಪ್ರಯೋಗಗಳು ಇಂದಿಗೂ ನಡೆಯುತ್ತಿವೆ. ನಾಳೆ ನಿಮ್ಮನ್ನೂ ಸೇರಲು ಕೇಳಬಹುದು. ಔಷಧ ಯಾವುದು, ತೊಂದರೆಯಾದರೆ ಹೊಣೆ ಯಾರು ಎಂದು ಕೇಳುವುದು ನಿಮ್ಮ ಹಕ್ಕು. ಒಲ್ಲೆನೆಂದರೂ, ನಡುವೆ ಬಿಟ್ಟುಬಂದರೂ ನಿಮಗೆ ಸಲ್ಲಬೇಕಾದ ಚಿಕಿತ್ಸೆ ತಪ್ಪಬಾರದು. ಹೆಂಡತಿಯ ಪರವಾಗಿ ಗಂಡ ಒಪ್ಪಿಗೆ ಕೊಟ್ಟರೆ ಸಾಲದು. ಅವಳೇ ತಿಳಿದು ಒಪ್ಪಬೇಕು. ಓದಲು ಬಾರದವರಿಗೆ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತಿದ ಹಾಳೆಯ ಒಂದು ಪ್ರತಿ ನಿಮಗೆ ಸಲ್ಲತಕ್ಕದ್ದು, ಕೇಳಿ ಪಡೆಯಿರಿ.