"ನಾನು ಕೇಳಲ್ಲ" ಅನ್ನೋದು ಬೇರೆ, "ಯಾರೂ ಕೇಳಬಾರದು" ಅನ್ನೋದು ಬೇರೆ

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

2025ರ ಮೇ ತಿಂಗಳಲ್ಲಿ ಗಾಯಕ ಸೋನು ನಿಗಮ್ ವಿವಾದದ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ. ನಾಲ್ಕೇ ದಿನದಲ್ಲಿ ಅದು ಕಾಣೆಯಾಯ್ತು. "ಎಲ್ಲಿ ಹೋಯ್ತು?" ಅಂತ ಕೆಲವರು ಕೇಳಿದ್ರಿ. ಆಡಿಯೋದಲ್ಲಿ ಏನೋ ಸಮಸ್ಯೆ ಅಂದಿದ್ದೆ. ಆಡಿಯೋ ಚೆನ್ನಾಗೇ ಇತ್ತು. ಆಗ ನನಗಿದ್ದಿದ್ದು ಒಬ್ಬರೇ ಒಬ್ಬರು ಪ್ರಾಯೋಜಕರು. ಅವರು ಫೋನ್ ಮಾಡಿ, "ನೀವು ಹೇಳಿದ್ದು ಸರಿನೋ ತಪ್ಪೋ ನಮಗೆ ಬೇಡ ಸರ್. ನಮ್ಮ ಹೆಸರು ಅದರಲ್ಲಿದೆ, ತೆಗೆದುಬಿಡಿ" ಅಂದ್ರು. ತೆಗೆದೆ. ಆ ದುಡ್ಡಲ್ಲೇ ನನ್ನ ಮೈಕ್‌ನ ಕಂತು ಕಟ್ಟಬೇಕಿತ್ತು.

ಅದೇ ವಾರ ಒಬ್ಬ ಕೇಳುಗರಿಂದ ಮೇಲ್ ಬಂತು. ದಾವಣಗೆರೆ ಕಡೆಯವರು, ಮೊದಲ ಕಂತಿನಿಂದಲೂ ಕೇಳ್ತಾ ಇದ್ದವರು. "ನಿಮ್ಮ ಮಾತು ನನಗೆ ನೋವು ಕೊಟ್ಟಿತು. ಇನ್ನು ಮುಂದೆ ಕೇಳಲ್ಲ" ಅಂತ ಎರಡೇ ಸಾಲು ಬರೆದಿದ್ದರು.

ಆಗ ನನಗೆ ಇವೆರಡೂ ಒಂದೇ ಥರ ಕಂಡಿದ್ದವು: ಮಾತಾಡಿದೆ, ನಷ್ಟ ಆಯ್ತು. ಆಮೇಲೆ ಯೋಚನೆ ಮಾಡ್ತಾ ಮಾಡ್ತಾ, ಇವೆರಡರ ನಡುವೆ ಇರೋ ವ್ಯತ್ಯಾಸ ಬಹಳ ದೊಡ್ಡದು ಅನ್ನಿಸ್ತು. ಇವತ್ತಿನ ಮಾತು ಅದರ ಬಗ್ಗೆ. ಹಾಡೋರು ರಾಜಕೀಯ ಮಾತಾಡಿದಾಗ ಅಭಿಮಾನಿಗಳು ಬಿಟ್ಟು ಹೋಗ್ತಾರೆ ಅಂತೀವಲ್ಲ, ನಿಜವಾಗಿ ಬಿಟ್ಟು ಹೋಗೋದು ಯಾರು? ಬಾಗಿಲು ಹಾಕೋದು ಯಾರು?

ಈ ವಿಷಯದಲ್ಲಿ ಎಲ್ಲರೂ ಉದಾಹರಣೆ ಕೊಡೋದು ಡಿಕ್ಸಿ ಚಿಕ್ಸ್ ತಂಡದ್ದು. ಅಮೆರಿಕದ ಮೂವರು ಹೆಣ್ಣುಮಕ್ಕಳ ತಂಡ. ಅವರು ಹಾಡ್ತಿದ್ದಿದ್ದು ಕಂಟ್ರಿ ಸಂಗೀತ, ಅಂದ್ರೆ ಅಲ್ಲಿನ ಹಳ್ಳಿ, ಸಣ್ಣ ಊರುಗಳ ಜನ, ಸೇನೆಗೆ ಮಕ್ಕಳನ್ನ ಕಳಿಸೋ ಕುಟುಂಬಗಳು ಹೆಚ್ಚಾಗಿ ಕೇಳೋ ಸಂಗೀತ. 2003ರ ಮಾರ್ಚ್ 10ರಂದು ಲಂಡನ್‌ನಲ್ಲಿ ಅವರ ಕಾರ್ಯಕ್ರಮ ಇತ್ತು. ಇರಾಕ್ ಮೇಲೆ ಯುದ್ಧ ಶುರುವಾಗೋಕೆ ಇನ್ನು ಹತ್ತು ದಿನ. ಹಾಡುಗಳ ನಡುವೆ ಗಾಯಕಿ ನ್ಯಾಟಲಿ ಮೇನ್ಸ್, ನಮಗೆ ಈ ಯುದ್ಧ ಬೇಡ, ಅಧ್ಯಕ್ಷ ಬುಷ್ ನಮ್ಮ ಟೆಕ್ಸಸ್‌ನವರು ಅನ್ನೋದಕ್ಕೆ ನಾಚಿಕೆ ಆಗುತ್ತೆ ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳಿದ್ರು. ಅವರೂ ಟೆಕ್ಸಸ್‌ನವರೇ. ಸಭಿಕರು ಚಪ್ಪಾಳೆ ತಟ್ಟಿದ್ರು. ಗಾರ್ಡಿಯನ್ ಪತ್ರಿಕೆಯ ಸಂಗೀತ ವಿಮರ್ಶೆಯಲ್ಲಿ ಆ ಮಾತು ಅಚ್ಚಾಯ್ತು. ಅಲ್ಲಿಂದ ಅಮೆರಿಕಕ್ಕೆ ಹೋಯ್ತು.

ಆಗ ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಮೊದಲನೇ ಸ್ಥಾನದಲ್ಲಿ ಇದ್ದಿದ್ದು ಇವರದ್ದೇ ಹಾಡು. ವಿಚಿತ್ರ ನೋಡಿ, ಅದು ಯುದ್ಧಕ್ಕೆ ಹೋದ ಒಬ್ಬ ಸೈನಿಕನಿಗಾಗಿ ಕಾಯೋ ಹುಡುಗಿಯ ಹಾಡು. ಕೆಲವೇ ದಿನಗಳಲ್ಲಿ ಅದು ರೇಡಿಯೋದಿಂದ ಮಾಯ. ಲೂಸಿಯಾನಾದಲ್ಲಿ ಜನ ಸಿಡಿಗಳನ್ನ ತಂದು ರಾಶಿ ಹಾಕಿದ್ರು, ಅದರ ಮೇಲೆ ಟ್ರ್ಯಾಕ್ಟರ್ ಹರಿಸಿದ್ರು. ಮೇನ್ಸ್ ಕೆಲವೇ ದಿನದಲ್ಲಿ ಅಧ್ಯಕ್ಷರ ಕ್ಷಮೆ ಕೇಳಿದ್ರು, ಆದರೂ ಸಿಟ್ಟು ಇಳೀಲಿಲ್ಲ. ಕೊಲೆ ಬೆದರಿಕೆ ಬಂತು. ಜುಲೈನಲ್ಲಿ ಡಲ್ಲಾಸ್‌ನಲ್ಲಿ ಆ ಬೆದರಿಕೆಯ ನಡುವೆಯೇ ಹಾಡಿದ್ರು.

ಈ ಕಥೆಯಲ್ಲಿ ಇಬ್ಬರು ಬೇರೆ ಬೇರೆ ಪಾತ್ರಧಾರಿಗಳು ಇದ್ದಾರೆ. ಒಬ್ಬರು, ದುಡ್ಡು ಕೊಟ್ಟು ತಗೊಂಡ ಸಿಡಿ ಮುರಿದು ಹಾಕಿದವರು, ರೇಡಿಯೋಗೆ ಫೋನ್ ಮಾಡಿ ಬೈದವರು. ಅವರ ಸಿಡಿ, ಅವರ ಸಿಟ್ಟು. ಇನ್ನೊಬ್ಬರು, ಕ್ಯುಮ್ಯುಲಸ್ ಅನ್ನೋ ದೊಡ್ಡ ರೇಡಿಯೋ ಕಂಪನಿ. ಅದು ತನ್ನ ಅಷ್ಟೂ ಕಂಟ್ರಿ ಸ್ಟೇಷನ್‌ಗಳಿಗೆ ಈ ತಂಡದ ಹಾಡು ಹಾಕಬೇಡಿ ಅಂತ ಮೇಲಿಂದ ಆದೇಶ ಕೊಡ್ತು. ಇನ್ನೊಂದು ಕಡೆ, ಕೊಲೊರಾಡೊದ ಒಂದು ಸ್ಟೇಷನ್‌ನಲ್ಲಿ ನಿಷೇಧ ಮುರಿದು ಇವರ ಹಾಡು ಹಾಕಿದ ಇಬ್ಬರು ಆರ್‌ಜೆಗಳನ್ನ ಕೆಲಸದಿಂದ ಅಮಾನತು ಮಾಡಿದ್ರು.

ಆ ವರ್ಷ ಜುಲೈನಲ್ಲಿ ಇದು ಅಮೆರಿಕದ ಸೆನೆಟ್ ಸಮಿತಿ ಮುಂದೆ ಬಂತು. ಸಮಿತಿಯ ಅಧ್ಯಕ್ಷರು ಜಾನ್ ಮೆಕೇನ್. ಬುಷ್ ಅವರದೇ ಪಕ್ಷದವರು, ಯುದ್ಧವನ್ನ ಬೆಂಬಲಿಸಿದವರು, ಸ್ವತಃ ಮಾಜಿ ಸೈನಿಕ. ಅವರು ಹೇಳಿದ್ದರ ಸಾರ ಇಷ್ಟು: ಒಂದು ಊರಿನ ಸ್ಟೇಷನ್ ತನ್ನ ಕೇಳುಗರನ್ನ ನೋಡಿ ಹಾಡು ನಿಲ್ಲಿಸಿದ್ರೆ ಅದು ಅವರಿಷ್ಟ. ಕೇಂದ್ರ ಕಚೇರಿಯಲ್ಲಿ ಕೂತು ಎಲ್ಲಾ ಊರುಗಳಿಗೂ ಒಂದೇ ಆದೇಶ ಕೊಟ್ರೆ ಅದು ಬೇರೆ ಮಾತು. ತನಗೆ ಇಷ್ಟ ಇಲ್ಲದ ಅಭಿಪ್ರಾಯದ ಪರವಾಗಿ ಈ ಗೆರೆ ಎಳೆದರಲ್ಲ, ಅದು ನನಗೆ ಮುಖ್ಯ ಅನ್ನಿಸುತ್ತೆ.

ಹಾಗಾದ್ರೆ ಅಭಿಮಾನಿಗಳು ಹೋದ್ರಾ, ಇಲ್ವಾ? ನಾನು ಬಿ.ಕಾಂ. ಓದಿದವನು, ಲೆಕ್ಕ ನೋಡ್ದೆ ಸಮಾಧಾನ ಆಗಲ್ಲ. 2003ರ ಬೇಸಿಗೆಯ ಅವರ ಅಮೆರಿಕ ಪ್ರವಾಸ ತುಂಬಿದ ಸಭಾಂಗಣಗಳಲ್ಲೇ ನಡೀತು. ಆದರೆ ಟಿಕೆಟ್‌ಗಳಲ್ಲಿ ಬಹುಪಾಲು ಆ ಮಾತು ಆಡೋ ಮೊದಲೇ ಮಾರಾಟ ಆಗಿದ್ದವು. ಹಾಗಾಗಿ ಅದು ಹಳೇ ಗಳಿಕೆ. ನಿಜವಾದ ಲೆಕ್ಕ ಸಿಕ್ಕಿದ್ದು 2006ರಲ್ಲಿ. ಹೊಸ ಆಲ್ಬಮ್ ಬಂತು, ಕ್ಷಮೆ ಕೇಳೋ ಮನಸ್ಸಿಲ್ಲ ಅನ್ನೋ ಧಾಟಿಯದ್ದು. ಅಮೆರಿಕದ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯ್ತು. 2007ರಲ್ಲಿ ಐದು ಗ್ರ್ಯಾಮಿ ಬಂದವು. ಅದೇ ಹೊತ್ತಿಗೆ ಅಮೆರಿಕದ ಕೆಲವು ಊರುಗಳಲ್ಲಿ ಟಿಕೆಟ್ ಹೋಗದೆ ಕಾರ್ಯಕ್ರಮಗಳು ರದ್ದಾದವು, ಕೆನಡಾದಲ್ಲಿ ಹೊಸ ಕಾರ್ಯಕ್ರಮಗಳು ಸೇರಿದವು. ಕಂಟ್ರಿ ರೇಡಿಯೋ ಮೊದಲಿನ ಥರ ವಾಪಸ್ ಬರಲೇ ಇಲ್ಲ. ಅಂದ್ರೆ ಹೌದು, ಹಳಬರು ಹೋದ್ರು. ಹೊಸಬರು ಬಂದ್ರು.

ಕಾಮರ್ಸ್ ಓದಿದವರಿಗೆ ಗುಡ್‌ವಿಲ್ ಗೊತ್ತಿರುತ್ತೆ. ಒಂದು ಅಂಗಡಿ ತಾನೇ ಸಂಪಾದಿಸಿದ ಒಳ್ಳೇ ಹೆಸರನ್ನ ಲೆಕ್ಕದ ಪುಸ್ತಕದಲ್ಲಿ ಆಸ್ತಿ ಅಂತ ತೋರಿಸೋ ಹಾಗಿಲ್ಲ. ಅಂಗಡಿ ಮಾರುವಾಗಲೋ, ಪಾಲುದಾರ ಬಿಟ್ಟು ಹೋಗುವಾಗಲೋ ಅದಕ್ಕೊಂದು ಬೆಲೆ ಕಟ್ತಾರೆ. ಅಭಿಮಾನಿ ಬಳಗವೂ ಹಾಗೇ. ಎಷ್ಟಿದೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ. ಗೊತ್ತಿಲ್ಲದ ಕಾರಣಕ್ಕೇ ಮಧ್ಯದಲ್ಲಿ ಇರೋರು, ಅಂದ್ರೆ ರೇಡಿಯೋದವರು, ಸಂಘಟಕರು, ಪ್ರಾಯೋಜಕರು, ಅಭಿಮಾನಿಗಳಿಗಿಂತ ಮೊದಲೇ ಹೆದರಿಬಿಡ್ತಾರೆ.

ಈಗ ನಮ್ಮ ಕಡೆ ಬರೋಣ. ಕರ್ನಾಟಕ ಸಂಗೀತದ ಟಿ.ಎಂ. ಕೃಷ್ಣ. ಜಾತಿ ಬಗ್ಗೆ, ರಾಜಕಾರಣದ ಬಗ್ಗೆ ವರ್ಷಗಳಿಂದ ಮಾತಾಡ್ತಾ ಇರೋರು. 2018ರ ನವೆಂಬರ್‌ನಲ್ಲಿ ದೆಹಲಿಯ ನೆಹರೂ ಪಾರ್ಕ್‌ನಲ್ಲಿ ಅವರ ಕಛೇರಿ ಇರಬೇಕಿತ್ತು. ಪ್ರಾಯೋಜಕರಾದ ವಿಮಾನ ನಿಲ್ದಾಣ ಪ್ರಾಧಿಕಾರದ ವಿರುದ್ಧ ಸಾಮಾಜಿಕ ಜಾಲತಾಣಗಳಲ್ಲಿ ದಾಳಿ ಶುರುವಾಯ್ತು, ಕಾರ್ಯಕ್ರಮ ಮುಂದೂಡಿದ್ರು. ಆಮೇಲೆ ದೆಹಲಿ ಸರ್ಕಾರ ಬೇರೆ ಕಡೆ ವೇದಿಕೆ ಕೊಡ್ತು, ನವೆಂಬರ್ 17ರಂದು ಅವರು ಹಾಡಿದ್ರು. ಹಾಡಿದ್ದು ಒಳ್ಳೇದಾಯ್ತು. ಆದರೆ ಇದೂ ಗಮನಿಸಿ: ಒಂದು ಸರ್ಕಾರಿ ಸಂಸ್ಥೆ ಹಿಂದೆ ಸರಿದಾಗ ಕೈ ಹಿಡಿದಿದ್ದು ಇನ್ನೊಂದು ಪಕ್ಷದ ಸರ್ಕಾರ. ಸಂಗೀತಗಾರನಿಗೆ ಅದೂ ಒಂದು ಕಷ್ಟವೇ.

2024ರ ಮಾರ್ಚ್‌ನಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಘೋಷಿಸ್ತು. ರಂಜನಿ–ಗಾಯತ್ರಿ ಸಹೋದರಿಯರು, ಪೆರಿಯಾರ್ ಅವರನ್ನ ಕೃಷ್ಣ ಹೊಗಳಿದ್ದೂ ಸೇರಿದಂತೆ ಕೆಲವು ಕಾರಣ ಕೊಟ್ಟು, ಆ ವರ್ಷದ ಅಕಾಡೆಮಿ ಕಛೇರಿಯಿಂದ ಹಿಂದೆ ಸರಿದ್ರು. ಇನ್ನೂ ಕೆಲವರು ಸರಿದ್ರು. ಆಗ ನನ್ನ ಗೆಳೆಯರು ಬಹಳ ಜನ ಆ ಸಹೋದರಿಯರನ್ನ ಬೈದ್ರು. ನಾನು ಬೈಯಲ್ಲ. ಅವರು ಹೇಳಿದ್ದು "ನಾವು ಬರಲ್ಲ" ಅಂತ. ವೇದಿಕೆ ಬಿಟ್ಟಿದ್ದು ತಮ್ಮದು, ನಷ್ಟವೂ ತಮ್ಮದು. ಅವರ ಕಾರಣ ನನಗೆ ಒಪ್ಪಿಗೆ ಆಗದೇ ಇರಬಹುದು, ಹಕ್ಕು ಮಾತ್ರ ಪೂರ್ತಿ ಅವರದ್ದು. ಅಕಾಡೆಮಿಯೂ ತನ್ನ ನಿರ್ಧಾರ ಬದಲಾಯಿಸಲಿಲ್ಲ. ಡಿಸೆಂಬರ್‌ನಲ್ಲಿ ಕೃಷ್ಣ ಅಲ್ಲಿ ಹಾಡಿದಾಗ ಸಭಾಂಗಣ ತುಂಬಿತ್ತು. ಬರೋರು ಬಂದ್ರು, ಬೇಡ ಅನ್ನೋರು ಬರಲಿಲ್ಲ. ಹೀಗೇ ಇರಬೇಕು ಅಲ್ವಾ?

ದೂರದ ವಿಷಯದಲ್ಲಿ ಹೀಗೆ ಹೇಳೋದು ಸುಲಭ. ನನ್ನ ಭಾಷೆಗೆ ಏಟು ಬಿದ್ದಾಗ ನಾನು ಏನು ಮಾಡಿದೆ?

2025ರ ಏಪ್ರಿಲ್ 25. ಬೆಂಗಳೂರಿನ ಹೊರವಲಯದ ಒಂದು ಕಾಲೇಜು ಕಾರ್ಯಕ್ರಮ. ಹುಡುಗರು ಕನ್ನಡ ಹಾಡು ಕೇಳಿದ್ರು. ಕೇಳಿದ ರೀತಿ ಒರಟಾಗಿತ್ತು ಅಂತ ಸೋನು ನಿಗಮ್ ಆಮೇಲೆ ಹೇಳಿದ್ರು. ಆದರೆ ವೇದಿಕೆ ಮೇಲೆ ಅವರು ಅದನ್ನ ಮೂರು ದಿನದ ಹಿಂದೆ ಪಹಲ್ಗಾಮ್‌ನಲ್ಲಿ 26 ಜನ ಸತ್ತ ದಾಳಿಗೆ ಜೋಡಿಸಿ ಮಾತಾಡಿದ್ರು. ಕನ್ನಡ ಹಾಡು ಕೇಳೋದಕ್ಕೂ ಭಯೋತ್ಪಾದನೆಗೂ ಎಲ್ಲಿಯ ಸಂಬಂಧ? ನನಗೆ ಮೈ ಉರಿದುಹೋಯ್ತು. "ಮುಂಗಾರು ಮಳೆ" ಬಂದಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ಕಾಯ್ಕಿಣಿಯವರ ಸಾಹಿತ್ಯ, ಮನೋಮೂರ್ತಿ ಸಂಗೀತ, ಇವರ ದನಿ. ಆ ಹಾಡು ಬಾಯಿಪಾಠ ಆಗದೇ ಇರೋ ಹುಡುಗ ನಮ್ಮ ಬೀದಿಯಲ್ಲಿ ಇರಲಿಲ್ಲ. ಆ ದನಿಯಿಂದಲೇ ಈ ಮಾತಾ ಅನ್ನಿಸ್ತು. ಅವತ್ತು ರಾತ್ರಿನೇ ನನ್ನ ಪ್ಲೇಲಿಸ್ಟ್‌ನಿಂದ ಅವರನ್ನ ತೆಗೆದೆ.

ಆಮೇಲೆ ಪೊಲೀಸ್ ಕೇಸ್ ಆಯ್ತು. ಫಿಲಂ ಚೇಂಬರ್ ಅಸಹಕಾರ ಘೋಷಿಸ್ತು. ಅವರು ಕ್ಷಮೆ ಕೇಳಿದ್ರು. "ಕುಲದಲ್ಲಿ ಕೀಳ್ಯಾವುದೋ" ಚಿತ್ರದಿಂದ ಅವರು ಹಾಡಿದ್ದ ಹಾಡು ತೆಗೆದ್ರು. ನನ್ನ ಎಪಿಸೋಡ್‌ನಲ್ಲಿ ನಾನು ಹೇಳಿದ್ದು ಇಷ್ಟೇ: ಸಿಟ್ಟು ನ್ಯಾಯ. ನಾನೂ ಕೇಳೋದು ನಿಲ್ಲಿಸಿದ್ದೀನಿ. ಆದರೆ ಒಬ್ಬ ಗಾಯಕ ಇನ್ನು ಕನ್ನಡದಲ್ಲಿ ಹಾಡಬೇಕಾ ಬೇಡವಾ ಅಂತ ಕೇಳುಗರೆಲ್ಲರ ಪರವಾಗಿ ಒಂದು ಸಂಸ್ಥೆ ತೀರ್ಮಾನ ಮಾಡೋದು ಸರಿಯಲ್ಲ.

ನಮ್ಮ ಮನೆಯಲ್ಲೇ ನೋಡಿ. ಅಮ್ಮ ಅಡುಗೆ ಮಾಡ್ತಾ ಅದೇ ಹಾಡು ಹಾಕಿದ್ರು. "ಏನಮ್ಮಾ, ಇಷ್ಟೆಲ್ಲಾ ಆದ್ಮೇಲೂ?" ಅಂದೆ. "ಅವನು ಅಂದಿದ್ದು ತಪ್ಪು ಕಣೋ. ಹಾಡು ಬರೆದವರು ನಮ್ಮವರೇ ಅಲ್ವಾ?" ಅಂದ್ರು. ಒಂದೇ ಮನೆಯ ಇಬ್ಬರು ಅಭಿಮಾನಿಗಳದ್ದು ಎರಡು ತೀರ್ಮಾನ. ಇಬ್ಬರ ಪರವಾಗಿ ಮೂರನೆಯವರು ತೀರ್ಮಾನ ಮಾಡೋದು ಹೇಗೆ?

"ಹಾಡೋರು ಹಾಡ್ಕೊಂಡಿರಲಿ, ರಾಜಕೀಯ ಯಾಕೆ" ಅಂತ ಒಂದು ಮಾತಿದೆ. 1982ರ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಬಂದಾಗ, ನೀವು ನಟನೆ ಮಾಡ್ಕೊಂಡು, ಹಾಡ್ಕೊಂಡು ಇರಿ ಅಂತ ಯಾರಾದ್ರೂ ಅಂದ್ರಾ ಅಂತ ಅಪ್ಪನನ್ನ ಕೇಳಿದೆ. "ಅನ್ನೋಕೆ ಯಾರಿಗೆ ಧೈರ್ಯ ಇತ್ತು? ನಾವೆಲ್ಲ ಲಾರಿ ಹತ್ತಿ ಹೋಗಿದ್ವಿ" ಅಂದ್ರು. ಅಂದ್ರೆ ಕಲಾವಿದರು ಮಾತಾಡೋದು ನಮಗೆ ತೊಂದರೆ ಅಲ್ಲ. ನಮ್ಮ ಮನಸ್ಸಲ್ಲಿ ಇಲ್ಲದ್ದನ್ನ ಮಾತಾಡೋದು ತೊಂದರೆ. ಇದನ್ನ ನಾವು ಪ್ರಾಮಾಣಿಕವಾಗಿ ಒಪ್ಪಿಕೊಂಡ್ರೆ ಅರ್ಧ ಜಗಳ ಮುಗಿಯುತ್ತೆ.

ಕೊನೆಯದಾಗಿ, ಬೆಲೆ ಕಟ್ಟೋದು ಯಾರು ಅನ್ನೋ ವಿಷಯ. ಟೇಲರ್ ಸ್ವಿಫ್ಟ್ 2018ರಲ್ಲಿ ಮೊದಲ ಸಲ ಟೆನ್ನೆಸಿ ಚುನಾವಣೆಯಲ್ಲಿ ತಮ್ಮ ಮತ ಯಾರಿಗೆ ಅಂತ ಬಹಿರಂಗವಾಗಿ ಹೇಳಿದ್ರು. ಅವರು ವಿರೋಧಿಸಿದ ಅಭ್ಯರ್ಥಿಯೇ ಗೆದ್ದರು. ಸ್ವಿಫ್ಟ್ ಅವರಿಗೂ ಏನೂ ಆಗಲಿಲ್ಲ, ಆಮೇಲಿನ ಅವರ ಪ್ರವಾಸ 200 ಕೋಟಿ ಡಾಲರ್ ದಾಟಿತು. ಅಷ್ಟು ದೊಡ್ಡವರಿಗೆ ಮಾತಾಡೋದು ಕೈಗೆಟುಕೋ ಖರ್ಚು.

ನನ್ನ ಗೆಳೆಯನೊಬ್ಬ ಆರ್ಕೆಸ್ಟ್ರಾದಲ್ಲಿ ಹಾಡ್ತಾನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ. "ನಿಂಗೆ ರಾಜಕೀಯ ಅಭಿಪ್ರಾಯ ಇಲ್ವಾ?" ಅಂತ ಕೇಳಿದ್ರೆ ನಗ್ತಾನೆ. "ನಾನು ಹಾಡುವಾಗ ಬೆನ್ನ ಹಿಂದೆ ಯಾರ ಫ್ಲೆಕ್ಸ್ ಇರುತ್ತೆ ನೋಡಿದ್ದೀಯಾ? ಈ ವಾರ ಒಬ್ಬರದ್ದು, ಮುಂದಿನ ವಾರ ಅವರ ಎದುರಾಳಿದು. ನಾನು ಬಾಯಿ ಬಿಟ್ರೆ ಎರಡೂ ಹೋಯ್ತು" ಅಂತಾನೆ. ಅವನು ಸುಮ್ಮನೇ ಇದ್ರೂ ಫ್ಲೆಕ್ಸ್ ಮಾತಾಡ್ತಾ ಇರುತ್ತೆ. ಅವನನ್ನ ನಾನು ಹೇಡಿ ಅನ್ನಲ್ಲ. ನಾಲ್ಕೇ ದಿನದಲ್ಲಿ ಎಪಿಸೋಡ್ ತೆಗೆದವನಿಗೆ ಆ ಅರ್ಹತೆ ಇಲ್ಲ.

ದಾವಣಗೆರೆಯ ಆ ಕೇಳುಗರಿಗೆ ಆಗ ಉತ್ತರ ಬರೆದಿರಲಿಲ್ಲ. ಹೋದ ವಾರ ಬರೆದೆ. "ನಿಮಗೆ ನೋವಾಗಿದ್ದು ಹೇಳಿದ್ದಕ್ಕೆ ಧನ್ಯವಾದ. ಕೇಳದೇ ಇರೋದು ನಿಮ್ಮ ಹಕ್ಕು, ನನಗೆ ಬೇಜಾರಿಲ್ಲ. ಇಲ್ಲ, ಸ್ವಲ್ಪ ಇದೆ" ಅಂತ. ಇನ್ನೂ ಉತ್ತರ ಬಂದಿಲ್ಲ. ಆ ಪ್ರಾಯೋಜಕರ ಒಪ್ಪಂದ ಮುಗಿದಿದೆ, ಹೊಸಬರು ಯಾರೂ ಸಿಕ್ಕಿಲ್ಲ. ಹಳೇ ಎಪಿಸೋಡನ್ನ, ಒಂದು ಪದವನ್ನೂ ಬದಲಾಯಿಸದೆ, ನಿನ್ನೆ ರಾತ್ರಿ ಮತ್ತೆ ಹಾಕಿದ್ದೀನಿ. ಕೇಳೋರು ಕೇಳಿ. ಬೇಡ ಅನ್ನೋರು ಬಿಡಿ. ಬೈಯೋದಿದ್ರೆ ಮೇಲ್ ಮಾಡಿ, ಈ ಸಲ ಉತ್ತರ ಬರೀತೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.